ಮೊದಲು ಬೂಟು, ಆಮೇಲೆ ಬೆಟ್ಟ

ಹಿಮದ ಮೇಲೆ ಮೊದಲ ದಿನವೇ ಮಗು ರಚ್ಚೆ ಹಿಡಿದರೆ ‘ಹೆದರಿಕೊಂಡಿದೆ’ ಎಂದು ಅಪ್ಪ ಅಮ್ಮ ತೀರ್ಮಾನಿಸಿಬಿಡುತ್ತಾರೆ. ಎಷ್ಟೋ ಸಲ ಕಾರಣ ಹೆದರಿಕೆಯಲ್ಲ. ಬೂಟಿನೊಳಗೆ ಎರಡು ಜೊತೆ ಕಾಲುಚೀಲ ಮಡಿಕೆಬಿದ್ದು ಕಾಲನ್ನು ಒತ್ತುತ್ತಿರುತ್ತದೆ, ಕೈಗವಸಿನೊಳಗೆ ಹಿಮ ಹೊಕ್ಕು ಬೆರಳು ಮರಗಟ್ಟಿರುತ್ತದೆ, ಅದೂ ಅಲ್ಲದಿದ್ದರೆ ಉಚ್ಚೆ ಬಂದಿರುತ್ತದೆ. ನಾಲ್ಕು ವರ್ಷದ ಮಗುವಿಗೆ ಇದನ್ನೆಲ್ಲ ಬಿಡಿಸಿ ಹೇಳಲು ಬಾರದು. ‘ಮನೆಗೆ ಹೋಗೋಣ’ ಅನ್ನುತ್ತದೆ, ಅಷ್ಟೆ. ಪುಟ್ಟ ಮಕ್ಕಳ ಸ್ಕೀ ಕಲಿಕೆಯಲ್ಲಿ ಹೆತ್ತವರ ಪಾಲಿನ ಕೆಲಸ ಇಂಥವೇ: ಕಾಲು ನೋಯದಂತೆ, ಮೈ ಒದ್ದೆಯಾಗದಂತೆ, ಹೊಟ್ಟೆ ಹಸಿಯದಂತೆ ನೋಡಿಕೊಳ್ಳುವುದು, ತೀರಾ ಸಪಾಟಾದ ಒಂದು ಇಳಿಜಾರನ್ನು ಹುಡುಕುವುದು. ಜಾರುವುದನ್ನು ಆ ಇಳಿಜಾರೂ ಅಲ್ಲಿನ ತರಬೇತುದಾರರೂ ಸೇರಿ ಕಲಿಸುತ್ತಾರೆ.

ಮ್ಯೂನಿಕ್, ಜ್ಯೂರಿಕ್, ಸಿಯಾಟಲ್, ಡೆನ್ವರ್‌ಗಳಲ್ಲಿ ಮನೆ ಮಾಡಿರುವ ಕನ್ನಡ ಕುಟುಂಬಗಳಿಗೆ ಇದು ಹೊಸ ವಿಷಯವಲ್ಲ. ಚಳಿಗಾಲ ಬಂತೆಂದರೆ ಮಗುವಿನ ತರಗತಿಯ ಅರ್ಧ ಮಕ್ಕಳು ಶನಿವಾರ ಬೆಟ್ಟದಲ್ಲಿರುತ್ತಾರೆ. ನಮ್ಮದು ಮಾತ್ರ ಕಿಟಕಿಯಲ್ಲಿ ನೋಡುತ್ತ ಕೂರಬೇಕೇ ಎಂಬ ಪ್ರಶ್ನೆ ಏಳುತ್ತದೆ. ಇತ್ತ ಬೆಂಗಳೂರು, ಹುಬ್ಬಳ್ಳಿಯಿಂದ ಕಾಶ್ಮೀರದ ಗುಲ್‌ಮಾರ್ಗ್, ಹಿಮಾಚಲದ ಸೋಲಂಗ್ ಪ್ರವಾಸ ಹೊರಡುವವರೂ ‘ಮಗನಿಗೆ ಎರಡು ದಿನ ಸ್ಕೀ ಕಲಿಸಿದರೆ ಹೇಗೆ’ ಎಂದು ಲೆಕ್ಕ ಹಾಕುತ್ತಿದ್ದಾರೆ. ಹಿಮವೇ ಬೀಳದ ನಾಡಿನವರಿಗೆ ಇದು ಒಗ್ಗದು ಎನ್ನುವವರು ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರನ್ನು ನೆನೆಯಲಿ. ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಭಾರತವನ್ನು ಪ್ರತಿನಿಧಿಸುತ್ತಿರುವವರು ಅವರು.

ಯಾವ ವಯಸ್ಸು ಸರಿ?

ಆಲ್ಪ್ಸ್‌ನಲ್ಲೂ ಅಮೆರಿಕದಲ್ಲೂ ಸ್ಕೀ ಶಾಲೆಗಳು ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ತುಂಬಿದ ಮಕ್ಕಳನ್ನು ಸೇರಿಸಿಕೊಳ್ಳುತ್ತವೆ. ಬೆಟ್ಟ ಮನೆಯ ಹಿತ್ತಲಲ್ಲೇ ಇದ್ದರೆ ಮೂರಕ್ಕೆ ಶುರುಮಾಡಿ, ಹಿಮದಲ್ಲಿ ಆಡಿಸಿಕೊಂಡು ಬನ್ನಿ. ವಿಮಾನ ಹತ್ತಿ, ಹೋಟೆಲಿಗೆ ದುಡ್ಡು ಸುರಿದು ಹೋಗುವವರಾದರೆ ಐದರವರೆಗೆ ಕಾಯುವುದೇ ಮೇಲು ಎಂದು ನನ್ನ ಅನಿಸಿಕೆ. ಮೂರು ವರ್ಷದ ಮಗುವಿನ ತಲೆ ಮೈಗೆ ಹೋಲಿಸಿದರೆ ದೊಡ್ಡದು, ತೊಡೆಯ ಸ್ನಾಯು ಇನ್ನೂ ಎಳಸು. ಬೂಟು, ಹೆಲ್ಮೆಟ್ಟು, ದಪ್ಪ ಜಾಕೆಟ್ಟು ಏರಿಸಿದ ಮೇಲೆ ನಿಂತುಕೊಳ್ಳುವುದೇ ಅದಕ್ಕೊಂದು ಕಸರತ್ತು. ಏಳು ವರ್ಷದ ಮಗುವಾದರೋ, ಪುಟ್ಟದು ಹಲವು ವಾರಾಂತ್ಯಗಳಲ್ಲಿ ಕಲಿಯುವುದನ್ನು ಕೆಲವೇ ದಿನಗಳಲ್ಲಿ ಹಿಡಿದುಬಿಡುತ್ತದೆ. ಹಾಗಾಗಿ ‘ತಡವಾಯಿತು’ ಎಂಬ ಚಿಂತೆ ಬೇಡ.

ವಯಸ್ಸಿಗಿಂತ ಒಳ್ಳೆಯ ಅಳತೆಗೋಲುಗಳಿವೆ. ಮಗು ಒಂದೊಂದು ಮೆಟ್ಟಿಲಿಗೆ ಒಂದೊಂದು ಕಾಲಿಟ್ಟು ಹತ್ತಿ ಇಳಿಯುತ್ತದೆಯೇ? ಅಮ್ಮನಿಲ್ಲದೆ ಎರಡು ಗಂಟೆ ಇರುತ್ತದೆಯೇ? ಅಪರಿಚಿತ ಟೀಚರು ‘ಸಾಲಾಗಿ ನಿಲ್ಲಿ’ ಅಂದರೆ ನಿಲ್ಲುತ್ತದೆಯೇ? ಶೌಚಕ್ಕೆ ಹೋಗಬೇಕೆಂದು ಮುಂಚಿತವಾಗಿ ಹೇಳುತ್ತದೆಯೇ? ಹೌದಾದರೆ ಹೊರಡಿ. ಭಾಷೆಯ ಕಡೆಗೂ ಗಮನವಿರಲಿ. ಗುಲ್‌ಮಾರ್ಗ್‌ನ ತರಬೇತುದಾರರು ಹಿಂದಿ, ಉರ್ದು, ಒಂದಿಷ್ಟು ಇಂಗ್ಲಿಷ್ ಆಡುತ್ತಾರೆ. ಆಸ್ಟ್ರಿಯಾದ ಹಳ್ಳಿಯಲ್ಲಿ ಜರ್ಮನ್ನೇ ಮೊದಲು. ‘ನಿಲ್ಲು’, ‘ನಿಧಾನ’, ‘ನೋವು’, ‘ಬಾತ್‌ರೂಮ್’ ಎಂಬ ನಾಲ್ಕು ಪದಗಳನ್ನಾದರೂ ಅಲ್ಲಿನ ಭಾಷೆಯಲ್ಲಿ ಬಾಯಿಪಾಠ ಮಾಡಿಸಿ ಕಳಿಸಿ.

ಕಾಲಿನಿಂದ ತಲೆವರೆಗೆ

ಸ್ಕೀ ಬೂಟಿನ ಅಳತೆಗೆ ಲೋಕವೆಲ್ಲ ಒಂದೇ ಲೆಕ್ಕ, ಮಾಂಡೊಪಾಯಿಂಟ್: ಪಾದದ ಉದ್ದ ಎಷ್ಟು ಸೆಂಟಿಮೀಟರೋ ಅದೇ ಬೂಟಿನ ನಂಬರು. ಮನೆಯಲ್ಲೇ ಮಗುವಿನ ಹಿಮ್ಮಡಿಯನ್ನು ಗೋಡೆಗೆ ಆನಿಸಿ, ಕೆಳಗೆ ಕಾಗದವಿಟ್ಟು, ಹೆಬ್ಬೆರಳ ತುದಿಗೆ ಗೆರೆ ಎಳೆದು ಅಳೆಯಿರಿ. 17 ಸೆಂ.ಮೀ. ಬಂದರೆ 17 ಅಥವಾ 17.5ರ ಬೂಟು ಸಾಕು. ‘ಮುಂದಿನ ವರ್ಷಕ್ಕೂ ಆಗಲಿ’ ಎಂದು ಶಾಲೆಯ ಷೂ ಕೊಳ್ಳುವ ಲೆಕ್ಕದಲ್ಲಿ 19 ತೆಗೆದುಕೊಂಡಿರೋ, ಕೆಲಸ ಕೆಟ್ಟಿತು. ಒಳಗೆ ಪಾದ ಅಲುಗಾಡಿದರೆ ಮಗು ಏನು ಮಾಡಿದರೂ ಸ್ಕೀ ಮಾತು ಕೇಳುವುದಿಲ್ಲ. ಅಂಗಡಿಯಲ್ಲಿ ಪರೀಕ್ಷಿಸಲು ಸುಲಭದ ದಾರಿಯಿದೆ. ಒಳಗಿನ ಮೆತ್ತನೆಯ ಲೈನರನ್ನು ಹೊರತೆಗೆದು, ಬರಿಯ ಪ್ಲಾಸ್ಟಿಕ್ ಕವಚದೊಳಗೆ ಕಾಲಿಡಿಸಿ, ಬೆರಳು ಮುಂದಕ್ಕೆ ತಾಗುವಂತೆ ನಿಲ್ಲಿಸಿ. ಹಿಮ್ಮಡಿಯ ಹಿಂದೆ ನಿಮ್ಮ ಒಂದು ಬೆರಳು ಸಲೀಸಾಗಿ ತೂರಿದರೆ ಸರಿ. ಎರಡೂವರೆ ಬೆರಳು ಹೋದರೆ ದೊಡ್ಡದು. ಬೂಟು ತೊಟ್ಟ ಮಗುವಿಗೆ ಮೊಣಕಾಲು ಮುಂದಕ್ಕೆ ಬಾಗಿಸಲು ಬರಬೇಕು. ಕಲ್ಲಿನಂತೆ ಗಟ್ಟಿಯಿದ್ದರೆ ಇನ್ನೂ ಮೆತ್ತನೆಯದನ್ನು ಕೇಳಿ.

ಬೂಟಿನೊಳಗೆ ಒಂದೇ ಒಂದು ಜೊತೆ ಕಾಲುಚೀಲ. ಮೊಣಕಾಲವರೆಗೆ ಬರುವ, ತೆಳ್ಳಗಿನ, ಉಣ್ಣೆಯದೋ ಸಿಂಥೆಟಿಕ್ಕೋ ಆಗಿರಲಿ. ಚಳಿ ಹೆಚ್ಚೆಂದು ಇನ್ನೊಂದು ಏರಿಸಿದರೆ ರಕ್ತ ಓಡಾಡದೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಥರ್ಮಲ್ ಪ್ಯಾಂಟಿನ ಅಂಚನ್ನೂ ಬೂಟಿನೊಳಗೆ ತುರುಕಬಾರದು. ಕಾಲುಚೀಲ ಬಿಟ್ಟು ಬೇರೆ ಬಟ್ಟೆ ಒಳಹೋಗುವ ಹಾಗಿಲ್ಲ. ಈ ಒಂದು ವಾಕ್ಯವನ್ನು ಪಾಲಿಸಿದರೆ ಅರ್ಧ ಅಳು ನಿಲ್ಲುತ್ತದೆ.

ಮೈಗೆ ಹತ್ತಿ ಬಟ್ಟೆ ಬೇಡ. ಬೆವರಿದರೆ ಹತ್ತಿ ಒದ್ದೆಯಾಗಿಯೇ ಉಳಿದು ಮೈಯ ಬಿಸಿಯನ್ನು ಹೀರುತ್ತದೆ. ನಮ್ಮೂರ ಅಂಗಡಿಗಳಲ್ಲಿ ‘ಥರ್ಮಲ್’ ಎಂದು ಮಾರುವವುಗಳಲ್ಲಿ ಹತ್ತಿ ಬೆರೆತಿರುವುದು ಸಾಮಾನ್ಯ, ಚೀಟಿ ಓದಿ ಕೊಳ್ಳಿ. ಹತ್ತಿಯಿಲ್ಲದ ಥರ್ಮಲ್ ಮೇಲೆ ಫ್ಲೀಸ್ ಅಥವಾ ಉಣ್ಣೆಯದೊಂದು (ಅಜ್ಜಿ ಹೆಣೆದ ಸ್ವೆಟರು ನಿಜವಾದ ಉಣ್ಣೆಯದಾದರೆ ಅದಕ್ಕಿಂತ ಒಳ್ಳೆಯದಿಲ್ಲ), ಎಲ್ಲಕ್ಕಿಂತ ಹೊರಗೆ ನೀರು ಇಳಿಯದ ಜಾಕೆಟ್ಟು ಮತ್ತು ಪ್ಯಾಂಟು. ಜೀನ್ಸ್ ತೊಡಿಸಿ ಹಿಮಕ್ಕೆ ಇಳಿಸಿದರೆ ಎರಡು ಸಲ ಬೀಳುವಷ್ಟರಲ್ಲಿ ತೊಪ್ಪೆ. ಕೈಗೆ ಐದು ಬೆರಳಿನ ಗವಸಿಗಿಂತ ನಾಲ್ಕೂ ಬೆರಳು ಒಟ್ಟಿಗಿರುವ ಮಿಟನ್ ಬೆಚ್ಚಗೆ, ತೊಡಿಸಲೂ ಸುಲಭ. ಒಂದು ಜೊತೆ ಹೆಚ್ಚಿಗೆ ಚೀಲದಲ್ಲಿರಲಿ. ಮಫ್ಲರ್ ಮಾತ್ರ ಖಂಡಿತ ಬೇಡ. ಇಳಿಜಾರು ಹತ್ತಿಸುವ ಲಿಫ್ಟಿಗೆ ಸಿಕ್ಕಿಕೊಂಡರೆ ಅಪಾಯ. ತಲೆಯಿಂದ ತೂರಿಸುವ ಬಫ್ ಹಾಕಿ. ಮಂಕಿ ಕ್ಯಾಪನ್ನು ಹೆಲ್ಮೆಟ್ಟಿನ ಕೆಳಗೆ ಹಾಕಿದರೆ ಹೆಲ್ಮೆಟ್ಟು ಸರಿಯಾಗಿ ಕೂರದು.

ಹೆಲ್ಮೆಟ್ಟಿನ ಬಗ್ಗೆ ಚರ್ಚೆಯೇ ಇಲ್ಲ. ಇಟಲಿಯಲ್ಲಿ ಮೊದಲು 14ರೊಳಗಿನವರಿಗೆ, 2022ರಿಂದ 18ರೊಳಗಿನವರಿಗೆ, 2025ರ ನವೆಂಬರಿನಿಂದ ಎಲ್ಲ ವಯಸ್ಸಿನವರಿಗೂ ಅದು ಕಾನೂನಿನಂತೆ ಕಡ್ಡಾಯ. ಸೈಕಲ್ ಹೆಲ್ಮೆಟ್ ನಡೆಯದು, ಸ್ಕೀ ಹೆಲ್ಮೆಟ್ಟೇ ಆಗಬೇಕು. ಗಾಗಲ್ಸ್ ಮತ್ತು ಹೆಲ್ಮೆಟ್ಟಿನ ನಡುವೆ ಹಣೆ ಕಾಣಬಾರದು. ಸನ್‌ಸ್ಕ್ರೀನನ್ನು ಮರೆಯಬೇಡಿ. ಪ್ರತಿ ಸಾವಿರ ಮೀಟರ್ ಎತ್ತರಕ್ಕೆ ಅತಿನೇರಳೆ ಕಿರಣ ಸುಮಾರು ಶೇ 10ರಷ್ಟು ಏರುತ್ತದೆ, ಹೊಸ ಹಿಮ ಅದರಲ್ಲಿ ಶೇ 80ರವರೆಗೆ ತಿರುಗಿ ಮೇಲಕ್ಕೆ ಎಸೆಯುತ್ತದೆ. ಆದ್ದರಿಂದ ಗಲ್ಲದ ಕೆಳಭಾಗಕ್ಕೂ ಮೂಗಿನ ಹೊಳ್ಳೆಯ ಸುತ್ತಲೂ ಹಚ್ಚಬೇಕು.

ಸ್ಕೀಗಳನ್ನು ಬಾಡಿಗೆಗೆ ತನ್ನಿ, ಮಕ್ಕಳ ಕಾಲು ವರ್ಷಕ್ಕೆ ಒಂದು ಸೈಜು ದಾಟುತ್ತದೆ. ನೆಲದಿಂದ ಮಗುವಿನ ಎದೆಗೂ ಗಲ್ಲಕ್ಕೂ ನಡುವೆ ಬರುವ ಉದ್ದ ಸಾಕು. ಮೋಟಾದಷ್ಟೂ ತಿರುಗಿಸಲು ಹಗುರ. ಕೈಕೋಲು ಬೇಡವೇ ಬೇಡ, ಅದು ಇದ್ದರೆ ಪಕ್ಕದ ಮಗುವಿನ ಕಣ್ಣಿಗೆ ಅಪಾಯ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್, ಮಗು ತಿರುಚಿ ಬಿದ್ದಾಗ ತಾನಾಗಿ ಬಿಚ್ಚಿಕೊಳ್ಳಬೇಕು, ಇಲ್ಲದಿದ್ದರೆ ಮೂಳೆ ಮುರಿಯುತ್ತದೆ. ಎಷ್ಟು ಬಲಕ್ಕೆ ಬಿಚ್ಚಬೇಕೆಂಬುದನ್ನು ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ, ಕಲಿಕೆಯ ಮಟ್ಟ ನೋಡಿ ಅಂಗಡಿಯ ತಂತ್ರಜ್ಞರು ಹೊಂದಿಸುತ್ತಾರೆ. ಮಗು ದುಂಡುಗಿದೆ ಎಂದು ತೋರಿಸಲು ಎರಡು ಕಿಲೋ ಸೇರಿಸಿ ಹೇಳುವ ಚಪಲ ಇಲ್ಲಿ ಬೇಡ. ಸ್ನೇಹಿತರು ಕೊಟ್ಟ ಹಳೆಯ ಸ್ಕೀಯನ್ನೂ ಅಂಗಡಿಯಲ್ಲಿ ತೋರಿಸದೆ ಬಳಸಬಾರದು.

ಹೊರಡುವ ಮುನ್ನ ಮನೆಯಲ್ಲಿ

ಮಗು ಹಿಮ ಕಾಣುವ ಮೊದಲೇ ಕಲಿಸಬಹುದಾದ್ದು ಸಾಕಷ್ಟಿದೆ. ನುಣುಪಾದ ನೆಲದ ಮೇಲೆ ಕಾಲುಚೀಲ ಹಾಕಿ ನಿಲ್ಲಿಸಿ, ಹೆಬ್ಬೆರಳುಗಳನ್ನು ಹತ್ತಿರ ತಂದು ಹಿಮ್ಮಡಿಗಳನ್ನು ಹೊರಕ್ಕೆ ತಳ್ಳಿಸಿ. ಸ್ಕೀ ಮೇಲೆ ವೇಗ ತಗ್ಗಿಸುವುದು ಇದೇ ಚಲನೆಯಿಂದ. ಬೆಂಗಳೂರಿನ ಬಡಾವಣೆಗಳಲ್ಲಿ ಮಕ್ಕಳನ್ನು ರೋಲರ್ ಸ್ಕೇಟಿಂಗ್ ತರಗತಿಗೆ ಸೇರಿಸುವುದು ರೂಢಿ. ಅಲ್ಲಿ ಕೆಲವು ತಿಂಗಳು ಕಳೆದ ಮಗುವಿಗೆ ಕಾಲ ಕೆಳಗೆ ನೆಲ ಜಾರಿದರೂ ಗಾಬರಿಯಾಗದು. ಬೀಳುವುದೂ ಏಳುವುದೂ ಅದಕ್ಕೆ ಆಗಲೇ ಗೊತ್ತಿರುತ್ತದೆ.

ಹಿಮಾಲಯಕ್ಕೆ ಮುಂಚೆ ಒಂದು ರುಚಿ ತೋರಿಸಬೇಕೆನ್ನುವವರಿಗೆ, ವಿಶೇಷವಾಗಿ ಕೊಲ್ಲಿಯಲ್ಲಿ ನೆಂಟರಿರುವ ಕರಾವಳಿಯವರಿಗೆ, ದುಬೈ ಇದೆ. 2005ರಲ್ಲಿ ತೆರೆದ, ಮಾಲಿನೊಳಗಿನ ಸ್ಕೀ ದುಬೈನ ಅತಿ ಉದ್ದದ ಇಳಿಜಾರು 400 ಮೀಟರ್. ಅಲ್ಲಿ ಗಾಳಿಯಿಲ್ಲ, ಮಂಜು ಮುಸುಕುವುದಿಲ್ಲ, ಹಿಮ ಬಿದ್ದಿದೆಯೋ ಇಲ್ಲವೋ ಎಂಬ ಆತಂಕವಿಲ್ಲ. ಬೆಟ್ಟದ ಸೊಗಸೂ ಇಲ್ಲ ಅನ್ನಿ.

ಯಾವ ಇಳಿಜಾರು

ನಿಮಗೆ ‘ಇದೇನು ಇಳಿಜಾರೇ?’ ಅನ್ನಿಸಿದರೆ ಅದು ಮಗುವಿಗೆ ಸರಿಯಾದ ಜಾಗ. ಕೊನೆಯಲ್ಲಿ ವಿಶಾಲವಾದ ಸಮತಟ್ಟು, ಅಥವಾ ಸ್ವಲ್ಪ ಏರು ಇರಬೇಕು, ಮಗು ಏನೂ ಮಾಡದಿದ್ದರೂ ತಾನೇ ನಿಲ್ಲುವಂತೆ. ಆಲ್ಪ್ಸ್ ಮತ್ತು ಅಮೆರಿಕದ ಕೇಂದ್ರಗಳಲ್ಲಿ ಇಂಥ ಜಾಗಕ್ಕೆ ಬೇಲಿ ಹಾಕಿ, ಮೇಲೇರಲು ಮ್ಯಾಜಿಕ್ ಕಾರ್ಪೆಟ್ ಇಟ್ಟಿರುತ್ತಾರೆ. ಮಗು ಸುಮ್ಮನೆ ನಿಂತರೆ ಸಾಕು, ಆ ಚಲಿಸುವ ಪಟ್ಟಿ ತಾನೇ ಮೇಲಕ್ಕೊಯ್ಯುತ್ತದೆ.

ದೇಶ ಬದಲಾಯಿಸಿದವರು ಎಡವುವುದು ಬಣ್ಣದಲ್ಲಿ. ಅಮೆರಿಕದಲ್ಲಿ ಅತಿ ಸುಲಭದ ದಾರಿಗೆ ಹಸಿರು, ಅದರ ಮುಂದಿನದಕ್ಕೆ ನೀಲಿ. ಆಸ್ಟ್ರಿಯಾ, ಜರ್ಮನಿ, ಸ್ವಿಟ್ಜರ್ಲೆಂಡ್‌ಗಳಲ್ಲಿ ನೀಲಿಯೇ ಅತಿ ಸುಲಭದ್ದು. ಫ್ರಾನ್ಸಿನಲ್ಲಿ ಹಸಿರೂ ಇದೆ, ನೀಲಿಯೂ ಇದೆ. ಆಸ್ಟ್ರಿಯಾದ ಟಿರೋಲ್‌ನಲ್ಲಿ ನೀಲಿ ದಾರಿ ಇಳಿದ ಮಗುವನ್ನು ಅದೇ ಧೈರ್ಯದಲ್ಲಿ ಕೊಲರಾಡೊದ ನೀಲಿಗೆ ಬಿಡುವ ಮೊದಲು ಒಂದು ಸಲ ನೀವೇ ಇಳಿದು ನೋಡಿ.

ಗುಲ್‌ಮಾರ್ಗ್‌ನಲ್ಲಿ ಕಲಿಯುವ ಜಾಗ ಕೆಳಗಿನ ಬೋಗುಣಿಯಂಥ ಹುಲ್ಲುಗಾವಲು, ಸುಮಾರು 2,650 ಮೀಟರ್ ಎತ್ತರದಲ್ಲಿ. ಗೊಂಡೋಲಾ ಎಂಬ ಕೇಬಲ್ ಕಾರಿನ ಮೊದಲ ಹಂತ ಸುಮಾರು 3,080 ಮೀಟರಿನ ಕೋಂಗ್‌ಡೂರಿಗೆ, ಎರಡನೆಯದು ಸುಮಾರು 3,950 ಮೀಟರಿನ ಅಫರ್ವತ್‌ಗೆ ಒಯ್ಯುತ್ತದೆ. ಜಗತ್ತಿನ ಪಳಗಿದ ಸ್ಕೀಯರ್‌ಗಳು ಬರುವುದು ಆ ಮೇಲಿನ ಕಡಿದಾದ, ಹಿಮಕುಸಿತದ ಭಯವಿರುವ ಇಳುಕಲಿಗೆ. ಅಲ್ಲಿ ಮಗುವಿನ ಕಾಲಿಗೆ ಸ್ಕೀ ಕಟ್ಟುವ ಮಾತೇ ಇಲ್ಲ. ಕಡಲಮಟ್ಟದಿಂದ ನೇರ ಬಂದಿದ್ದರೆ ಮೊದಲ ದಿನ ಬರೀ ಹಿಮದಲ್ಲಿ ಆಟವಾಡಿಸಿ, ನೀರು ಕುಡಿಸಿ. ತಲೆನೋವು, ವಾಂತಿ, ಊಟ ಬೇಡವೆನ್ನುವುದು ಕಂಡರೆ ಎತ್ತರದ ತೊಂದರೆಯಿರಬಹುದು. ಶ್ರೀನಗರಕ್ಕೆ ಇಳಿದು ವೈದ್ಯರಿಗೆ ತೋರಿಸಿ. ಹಿಮದ ಕಾಲ ಜನವರಿಯಿಂದ ಮಾರ್ಚ್. ಡಿಸೆಂಬರ್ 21ರಿಂದ ನಲವತ್ತು ದಿನದ ‘ಚಿಲ್ಲೈ ಕಲಾನ್’ ಅಲ್ಲಿನ ಕಡುಚಳಿಯ ಅವಧಿ. ಆದರೆ 2024ರ ಜನವರಿಯಲ್ಲಿ ಗುಲ್‌ಮಾರ್ಗ್ ಹಿಮವಿಲ್ಲದೆ ಬೋಳಾಗಿ ನಿಂತಿದ್ದನ್ನು ಎಲ್ಲರೂ ಪತ್ರಿಕೆಗಳಲ್ಲಿ ನೋಡಿದ್ದೇವೆ. ಮಕ್ಕಳೊಂದಿಗೆ ಹೋಗುವುದಾದರೆ ಫೆಬ್ರುವರಿ ಹೆಚ್ಚು ನೆಚ್ಚಿಕೆಯದು.

ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಗುಲ್‌ಮಾರ್ಗ್‌ನಲ್ಲೇ ಇದೆ. ಅದರ ಕೋರ್ಸುಗಳಿಗೆ ನಿಮ್ಮ ಮಗುವಿನ ವಯಸ್ಸು ಸಲ್ಲುತ್ತದೆಯೇ ಎಂದು ಮೊದಲೇ ವಿಚಾರಿಸಿ. ಖಾಸಗಿ ತರಬೇತುದಾರರಾದರೆ ನೋಂದಣಿ ಚೀಟಿ ಕೇಳಿ, ಮಕ್ಕಳ ಅಳತೆಯ ಬೂಟು, ಹೆಲ್ಮೆಟ್ಟು ಇದೆಯೇ ಎಂದು ಊರಿನಿಂದಲೇ ಫೋನು ಮಾಡಿ ಖಚಿತಪಡಿಸಿಕೊಳ್ಳಿ. ಟ್ಯಾಕ್ಸಿ ಇಳಿಯುತ್ತಿದ್ದಂತೆ ಸುತ್ತುವರಿದು ‘ಅರ್ಧ ಗಂಟೆಯಲ್ಲಿ ಕಲಿಸ್ತೀವಿ ಸಾಬ್’ ಅನ್ನುವವರಿಂದ ಸಿಗುವುದು ಫೋಟೊ ಮಾತ್ರ.

ನಿಲ್ಲುವುದೇ ಮೊದಲ ಪಾಠ

ಕಲಿಸುವ ಕ್ರಮ ಎಲ್ಲೆಡೆ ಹೆಚ್ಚೂಕಡಿಮೆ ಒಂದೇ. ಮೊದಲು ಬೂಟಿನಲ್ಲೇ ನಡೆದಾಟ. ಹಿಮದ ಮೇಲೆ ಗೆರೆ ಎಳೆದು ‘ಕೆರೆ–ದಡ’ ಆಡಿಸಿ. ಪಕ್ಕಕ್ಕೆ ಹೆಜ್ಜೆಯಿಡುವುದು ಮಗುವಿಗೆ ಗೊತ್ತಿಲ್ಲದೆಯೇ ಬರುತ್ತದೆ, ಆಮೇಲೆ ಸ್ಕೀ ಕಟ್ಟಿಕೊಂಡು ಇಳಿಜಾರು ಹತ್ತುವುದೂ ಹೀಗೆ ಅಡ್ಡಡ್ಡವಾಗಿಯೇ. ನಂತರ ಒಂದು ಕಾಲಿಗೆ ಮಾತ್ರ ಸ್ಕೀ ಹಾಕಿ, ಇನ್ನೊಂದು ಕಾಲಲ್ಲಿ ಸ್ಕೂಟರಿನ ಹಾಗೆ ತಳ್ಳಿಕೊಂಡು ಸಮತಟ್ಟಿನಲ್ಲಿ ಸುತ್ತು. ಆ ಮೇಲೆ ಎರಡೂ ಸ್ಕೀ. ಇಳಿಜಾರಿನಲ್ಲಿ ಐದಾರು ಮಾರು ಮೇಲಿನಿಂದ ನೇರ ಜಾರಿ ತಾನಾಗಿ ನಿಲ್ಲುವುದು. ಆ ಮೊದಲ ಜಾರುವಿಕೆಯ ಸುಖವೇ ಮುಂದಿನ ಎಲ್ಲದಕ್ಕೂ ಬಂಡವಾಳ.

ಬೀಳುವುದನ್ನೂ ಹೇಳಿಕೊಡಿ: ಹಿಂದಕ್ಕಲ್ಲ, ಪಕ್ಕಕ್ಕೆ. ಏಳುವಾಗ ಸ್ಕೀಗಳು ಇಳಿಜಾರಿಗೆ ಅಡ್ಡಲಾಗಿ, ಮೈಗಿಂತ ಕೆಳಗಿರಬೇಕು. ಇಲ್ಲದಿದ್ದರೆ ಎದ್ದೊಡನೆ ಮತ್ತೆ ಜಾರುತ್ತದೆ. ಬಿದ್ದಾಗಲೆಲ್ಲ ಓಡಿಹೋಗಿ ಎತ್ತಿ ನಿಲ್ಲಿಸುವುದು ನಮ್ಮ ಜಾಯಮಾನ. ಎತ್ತಬೇಡಿ, ಪಕ್ಕದಲ್ಲಿ ಕೂತು ಹೇಳಿಕೊಡಿ.

ಈಗ ನಿಲ್ಲುವುದು. ಸ್ಕೀಗಳ ಮುಂತುದಿಗಳನ್ನು ಹತ್ತಿರ ತಂದು ಹಿಂತುದಿಗಳನ್ನು ಅಗಲಿಸಿದರೆ ಒಳಅಂಚುಗಳು ಹಿಮವನ್ನು ಕೆರೆದು ವೇಗ ತಗ್ಗುತ್ತದೆ. ಮಕ್ಕಳಿಗೆ ಇದನ್ನು ‘ಪಿಜ್ಜಾ’ ಎಂದು ಹೇಳಿಕೊಡುತ್ತಾರೆ. ಸ್ಕೀಗಳನ್ನು ಜೊತೆಜೊತೆಯಾಗಿ ಇಟ್ಟರೆ ‘ಫ್ರೆಂಚ್ ಫ್ರೈಸ್’. ದೊಡ್ಡ ಪಿಜ್ಜಾ ಅಂದರೆ ನಿಲ್ಲು, ಚಿಕ್ಕ ಪಿಜ್ಜಾ ಅಂದರೆ ನಿಧಾನ. ನಮ್ಮ ಮಕ್ಕಳಿಗೆ ‘ಸ್ಟ್ಯಾಚ್ಯೂ’ ಆಟ ಗೊತ್ತೇ ಇರುತ್ತದೆ. ಜಾರುತ್ತಿರುವಾಗ ‘ಸ್ಟ್ಯಾಚ್ಯೂ’ ಅಂದೊಡನೆ ನಿಲ್ಲಬೇಕು ಎಂಬ ಪಂದ್ಯ ಕಟ್ಟಿದರೆ ಇಪ್ಪತ್ತು ಸಲ ಬೇಸರಿಲ್ಲದೆ ಆಡುತ್ತವೆ.

ಇಳಿಜಾರು ಕಡಿದಾದರೆ ಈ ಪಿಜ್ಜಾ ಕೆಲಸ ಮಾಡದು. ಹಿಮ್ಮಡಿಯನ್ನು ಹೊರಕ್ಕೆ ತಳ್ಳಿ ಹಿಡಿಯಲು ತೊಡೆಗೆ ಬಲ ಬೇಕು, ಪುಟ್ಟ ಮಗುವಿಗೆ ಅದಿಲ್ಲ. ಭಯವಾದಾಗ ಮಗು ಹಿಂದಕ್ಕೆ ವಾಲುತ್ತದೆ, ವಾಲಿದೊಡನೆ ವೇಗ ಹೆಚ್ಚುತ್ತದೆ, ವೇಗಕ್ಕೆ ಮತ್ತೆ ಭಯ. ಕೆಳಗೆ ನಿಂತ ಅಪ್ಪ ‘ಮುಂದೆ ಬಾಗು! ಮುಂದೆ ಬಾಗು!’ ಎಂದು ಕೂಗಿದರೆ ಮಗು ಸೊಂಟ ಬಗ್ಗಿಸಿ ನೆಲ ನೋಡುತ್ತದೆ, ಪ್ರಯೋಜನವಿಲ್ಲ. ಬೇಕಾದ್ದು ಕಣಕಾಲು ಮಡಿಯುವುದು. ‘ಬೂಟಿನ ಮುಂದೆ ಹತ್ತು ರೂಪಾಯಿ ನೋಟು ಸಿಕ್ಕಿಸಿದ್ದೀನಿ, ಕಾಲಲ್ಲಿ ಒತ್ತಿ ಹಿಡಿ, ಬೀಳಿಸಬೇಡ’ ಅನ್ನಿ. ಅಥವಾ ಎರಡೂ ಕೈ ಮೊಣಕಾಲ ಮೇಲಿಡಿಸಿ. ಹಾಡು ಹೇಳಿಕೊಂಡು ಇಳಿಯಲು ಬಿಡುವುದೂ ಒಳ್ಳೆಯ ಉಪಾಯ. ಹಾಡುವ ಮಗು ಉಸಿರು ಬಿಗಿಹಿಡಿಯಲಾರದು. ಸ್ವಲ್ಪ ಹಿಂದೆ ವಾಲಿ ನಿಲ್ಲುವುದು ಆ ವಯಸ್ಸಿನ ಮೈಕಟ್ಟಿಗೆ ಸಹಜ, ದೊಡ್ಡವರ ಭಂಗಿ ಈಗಲೇ ಬರಲೆಂದು ಹಟ ಹಿಡಿಯಬೇಡಿ.

ತಿರುಗುವುದಕ್ಕೆ ಸಿದ್ಧಾಂತ ಬೇಡ. ಎಡಕ್ಕೆ ಹೋಗಲು ಬಲಗಾಲು ಒತ್ತಬೇಕೆಂಬುದು ನಿಜ, ಆದರೆ ಎಡ–ಬಲವೇ ತಿಳಿಯದ ಮಗುವಿಗೆ ಅದು ಒಗಟು. ಕೈಗಳನ್ನು ವಿಮಾನದ ರೆಕ್ಕೆಯಾಗಿ ಚಾಚಿ, ಹೋಗಬೇಕಾದ ಕಡೆ ಕಣ್ಣಿಟ್ಟು, ಮುಂದೆ ಹೋಗುವವರ ಜಾಡು ಹಿಡಿದು ಬಂದರೆ ಸಾಕು. ಸ್ಕೀಗಳ ಮುಂತುದಿಗಳನ್ನು ಕೂಡಿಸಿಡುವ ಎಡ್ಜಿ ವೆಜ್ಜಿ ಎಂಬ ರಬ್ಬರು ಕೊಂಡಿ ಮೊದಲೆರಡು ದಿನ ನೆರವಾಗುತ್ತದೆ, ಆಮೇಲೆ ಬಿಚ್ಚಿಬಿಡಿ. ಸೊಂಟಕ್ಕೆ ಪಟ್ಟಿ ಕಟ್ಟಿ ಹಿಂದಿನಿಂದ ಹಗ್ಗ ಹಿಡಿಯುವ ಹಾರ್ನೆಸ್ ನನಗೆ ಹಿಡಿಸದು. ಮಗು ಹಗ್ಗಕ್ಕೆ ಮೈಕೊಟ್ಟು ಹಿಂದೆ ವಾಲುವುದನ್ನೇ ಕಲಿಯುತ್ತದೆ. ಕಾಲ ನಡುವೆ ಮಗುವನ್ನು ಹಿಡಿದು ಜಾರುವುದಂತೂ ಬೇಡವೇ ಬೇಡ. ಬಿದ್ದರೆ ದೊಡ್ಡವರ ತೂಕ ಅದರ ಮೇಲೆ.

ಅಪ್ಪ ಅಮ್ಮನೇ ಕಲಿಸಬಹುದೇ? ಹಿಂದಕ್ಕೆ ಜಾರುತ್ತ ಮಗುವಿನ ಮುಂದೆ ಇಳಿಯಬಲ್ಲಷ್ಟು ಪಳಗಿದ್ದರೆ ಯೋಚಿಸಬಹುದು. ನಮ್ಮಲ್ಲಿ ಹೆಚ್ಚಿನವರು ಮೂವತ್ತು ದಾಟಿದ ಮೇಲೆ ಕಲಿತವರು, ಇಲ್ಲವೇ ಕಲಿಯದವರು. ಬೆಳಗ್ಗೆ ಎರಡು ಗಂಟೆ ಸ್ಕೀ ಶಾಲೆ, ಬಿಡುವಿನಲ್ಲಿ ಬಿಸಿ ಚಾಕೊಲೇಟು, ಮಧ್ಯಾಹ್ನ ಮಗು ಕಲಿತದ್ದನ್ನು ನಿಮಗೆ ತೋರಿಸುವುದು, ಇದು ಒಪ್ಪವಾದ ಹಂಚಿಕೆ. ತರಗತಿ ನಡೆಯುವಾಗ ಬೇಲಿಗೆ ಒರಗಿ ಕೈಬೀಸುತ್ತ ನಿಲ್ಲಬೇಡಿ. ನಿಮ್ಮನ್ನು ಕಂಡೊಡನೆ ಮಗುವಿಗೆ ಅಳು ನೆನಪಾಗುತ್ತದೆ. ಜೇಬಿನಲ್ಲಿ ಖರ್ಜೂರ, ಒಣದ್ರಾಕ್ಷಿ ಇರಲಿ. ಕಡಲೆಕಾಯಿ ಚಿಕ್ಕಿ ಆ ಚಳಿಯಲ್ಲಿ ಹಾಲುಹಲ್ಲಿಗೆ ಪರೀಕ್ಷೆ. ಬೆಳಗ್ಗೆ ಹೊರಡುವಾಗ ಮಗುವಿನದೊಂದು ಫೋಟೊ ತೆಗೆದಿಟ್ಟುಕೊಳ್ಳಿ, ಒಳಜೇಬಿನಲ್ಲಿ ನಿಮ್ಮ ಫೋನ್ ನಂಬರು ಬರೆದಿಡಿ. ಹೆಲ್ಮೆಟ್ಟು ಗಾಗಲ್ಸ್ ಹಾಕಿದ ಮೇಲೆ ಎಲ್ಲ ಮಕ್ಕಳೂ ಒಂದೇ ಥರ. ‘ಇನ್ನೊಂದೇ ಒಂದು ಸಲ’ ಎಂದು ನೀವು ಒತ್ತಾಯಿಸಬಾರದು. ದಣಿದ ಕಾಲಿಗೆ ಪೆಟ್ಟು ಬೀಳುವುದು ಹೆಚ್ಚು. ಪ್ರವಾಸ ವಿಮೆ ಮಾಡಿಸಿದ್ದರೆ ಅದರಲ್ಲಿ ಚಳಿಗಾಲದ ಕ್ರೀಡೆಗಳು ಸೇರಿವೆಯೇ ಎಂದು ಓದಿ ನೋಡಿ. ಅನೇಕ ಪಾಲಿಸಿಗಳಲ್ಲಿ ಅದಕ್ಕೆ ಪ್ರತ್ಯೇಕ ಹಣ ಕಟ್ಟಬೇಕು.

ಚೇರ್‌ಲಿಫ್ಟ್ ಹತ್ತುವ ದಿನ

ನೀವು ಬೆರಳು ತೋರಿಸಿದ ಕಡೆ ಮಗು ಸತತ ಮೂರು ಸಲ ನಿಂತರೆ, ಎರಡೂ ಕಡೆಗೆ ತಿರುಗಿದರೆ, ಬಿದ್ದಲ್ಲಿಂದ ತಾನೇ ಎದ್ದರೆ ಮುಂದಿನ ಇಳಿಜಾರಿಗೆ ಹೋಗಬಹುದು. ಅಂತಾರಾಷ್ಟ್ರೀಯ ಸ್ಕೀ ಒಕ್ಕೂಟದ ಹತ್ತು ನಿಯಮಗಳಲ್ಲಿ ಮಗುವಿಗೆ ಸದ್ಯಕ್ಕೆ ಬೇಕಾದ್ದು ಎರಡು: ನಿನ್ನ ಮುಂದಿರುವವರಿಗೆ ದಾರಿ ಬಿಡುವುದು ನಿನ್ನ ಹೊಣೆ, ನಿಲ್ಲುವುದಾದರೆ ದಾರಿಯ ಅಂಚಿನಲ್ಲಿ, ಮೇಲಿನಿಂದ ಬರುವವರಿಗೆ ಕಾಣುವ ಕಡೆ ನಿಲ್ಲು.

ಚೇರ್‌ಲಿಫ್ಟಿನಲ್ಲಿ ಮಗು ಒಂದೇ ಹೋಗಬಾರದು. ಯುರೋಪಿನ ಎಷ್ಟೋ ಕಡೆ 1.25 ಮೀಟರಿಗಿಂತ ಕುಳ್ಳಗಿರುವ ಮಕ್ಕಳ ಜೊತೆ ದೊಡ್ಡವರಿರಲೇಬೇಕೆಂಬ ನಿಯಮವಿದೆ. ಬೆನ್ನುಚೀಲವಿದ್ದರೆ ಕಳಚಿ ಮಡಿಲಲ್ಲಿಡಿ. ಹತ್ತುವ ಮೊದಲು ಅಲ್ಲಿನ ಸಿಬ್ಬಂದಿಗೆ ‘ಮೊದಲ ಸಲ’ ಎಂದು ಹೇಳಿದರೆ ವೇಗ ತಗ್ಗಿಸಿ, ಮಗುವನ್ನು ಎತ್ತಿ ಕೂರಿಸಿಕೊಡುತ್ತಾರೆ. ಬೆನ್ನು ಹಿಂದಕ್ಕೆ ಆನಿಸಿ ಕೂರಿಸಿ, ಕೂತೊಡನೆ ಅಡ್ಡಪಟ್ಟಿ ಇಳಿಸಿ, ಮೇಲೆ ತಲುಪುವವರೆಗೆ ಎತ್ತಬೇಡಿ. ಸರಿಯಾಗಿ ಕೂರದಿದ್ದರೆ ಎಳೆದಾಡದೆ ಕೂಗಿ ಹೇಳಿ, ಲಿಫ್ಟ್ ನಿಲ್ಲಿಸುತ್ತಾರೆ. ಮೇಲೆ ಹೋದಮೇಲೆ ಮಗು ಇಳಿಜಾರು ನೋಡಿ ‘ಬೇಡ’ ಅಂದರೆ ಪುಸಲಾಯಿಸುತ್ತ ನಿಲ್ಲುವ ಅಗತ್ಯವಿಲ್ಲ. ಬಹಳಷ್ಟು ಲಿಫ್ಟುಗಳಲ್ಲಿ ಕೂತೇ ಕೆಳಗಿಳಿಯಲು ಬಿಡುತ್ತಾರೆ, ಸಿಬ್ಬಂದಿಯನ್ನು ಕೇಳಿದರಾಯಿತು.